ಕಬ್ಬಿಣದೂರಿನ ಕೂಸಿಗೆ ರಾಗಿ ಸರಿ

"ಸಾರ್, ನಮ್ಮೂರ ಮಣ್ಣು ತಿಂದ್ರೆ ಮೈಯಾಗೆ ರಕ್ತ ಜಾಸ್ತಿ ಆಗಲ್ಲೇನ್ರಿ?"

ಹತ್ತನೇ ತರಗತಿಯಲ್ಲಿ ಅದಿರುಗಳ ಪಾಠ ನಡೆದಿತ್ತು. ಬೆಟ್ಟದಿಂದ ತಂದ ಹೆಮಟೈಟ್ ಕಲ್ಲನ್ನು ಪಿಂಗಾಣಿ ಬಿಲ್ಲೆಯ ಮೇಲೆ ಗೀಚಿ, ಕಲ್ಲು ಕಪ್ಪಗಿದ್ದರೂ ಗೆರೆ ರಕ್ತದಂತೆ ಕೆಂಪಗಿರುವುದನ್ನು ತೋರಿಸಿದ್ದೆ. 'ಹೈಮಾ' ಎಂದರೆ ಗ್ರೀಕ್ ಭಾಷೆಯಲ್ಲಿ ರಕ್ತ. ಹೆಮಟೈಟ್ ಎಂಬ ಹೆಸರು ಬಂದದ್ದು ಅದರಿಂದಲೇ, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಹೆಸರೂ ಅದೇ ಮೂಲದ್ದು ಎಂದು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಈ ಪ್ರಶ್ನೆ ಎಸೆದ. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಏಕೆಂದರೆ ಇದೇ ಊರಿನ ಮಣ್ಣನ್ನು ನನ್ನ ಮಗಳೇ ಬೊಗಸೆಯಲ್ಲಿ ತುಂಬಿಕೊಂಡು ತಿಂದದ್ದು ನೆನಪಾಯಿತು.

ಸಂಡೂರು ತಾಲ್ಲೂಕಿನ ನಮ್ಮ ದೋಣಿಮಲೈಯ ಹೆಸರಿನಲ್ಲಿ ದೋಣಿಯಿದೆ, ಆದರೆ ಅದನ್ನು ತೇಲಿಸುವಷ್ಟು ನೀರು ಊರಲ್ಲಿಲ್ಲ. ಇರುವುದೆಲ್ಲ ಕಬ್ಬಿಣ. ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಗಣಿ 1977ರಲ್ಲಿ ಇಲ್ಲಿ ಶುರುವಾಯಿತು; 2018ರ ನವೆಂಬರಿನಿಂದ 2021ರ ಫೆಬ್ರವರಿವರೆಗೆ ನಿಂತದ್ದನ್ನು ಬಿಟ್ಟರೆ ಅದರ ಸದ್ದು ನಮ್ಮ ಬದುಕಿನ ಹಿನ್ನೆಲೆ ಸಂಗೀತ. ಒಳ್ಳೆಯ ಅದಿರಿನಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಪಾಲು ಕಬ್ಬಿಣ. ಬೆಳಿಗ್ಗೆ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕೆಂಪು ಛಾಯೆ ತಾಳುತ್ತದೆ. ಕಬ್ಬಿಣ ಇಷ್ಟು ಸಲೀಸಾಗಿ ಸಿಗುವ ನಾಡಿನ ಮಕ್ಕಳ ರಕ್ತದಲ್ಲಿ ಮಾತ್ರ ಅದಕ್ಕೇ ಬರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ದೇಶದಲ್ಲಿ ಶೇಕಡಾ 67.1 ಮಂದಿಗೆ, ಕರ್ನಾಟಕದಲ್ಲಿ ಶೇಕಡಾ 65.5 ಮಂದಿಗೆ ರಕ್ತಹೀನತೆ. ಮೂರು ತೊಟ್ಟಿಲಿದ್ದರೆ ಎರಡರಲ್ಲಿ ಬಿಳಿಚಿದ ಕೂಸು ಎಂದಂತಾಯಿತು.

ಹುಡುಗನ ಪ್ರಶ್ನೆಗೆ ಉತ್ತರ ಸರಳ. ಹೆಮಟೈಟ್ ಎಂದರೆ ಕಬ್ಬಿಣದ ತುಕ್ಕಿನ ಅಣ್ಣ. ಹೊಟ್ಟೆಯಲ್ಲಿ ಅದು ಕರಗುವುದೇ ಇಲ್ಲವೆಂದರೂ ನಡೆಯುತ್ತದೆ. ಹೋದ ಹಾಗೆಯೇ ಹೊರಗೆ ಬರುತ್ತದೆ, ಬರುವಾಗ ಜಂತುಹುಳುವಿನ ಕಾಟವನ್ನು ಒಳಗೆ ಬಿಟ್ಟು ಬರುವುದೂ ಉಂಟು. ಮಣ್ಣು ತಿಂದರೆ ರಕ್ತ ಬರುವುದಿಲ್ಲ. ರಕ್ತ ಕಡಿಮೆಯಾದ ಮಕ್ಕಳಿಗೇ ಮಣ್ಣು, ಸೀಮೆಸುಣ್ಣ, ಗೋಡೆಯ ಸುಣ್ಣ ತಿನ್ನುವ ಚಪಲ ಹತ್ತುವುದು ಹೆಚ್ಚು.

ದೀಪದ ಬುಡದ ಕತ್ತಲು

ನನ್ನ ಮಗಳು ಹುಟ್ಟಿದ್ದು 1997ರಲ್ಲಿ. ಆಗ ನಾನು ಹೊಸ ಮೇಷ್ಟರು. ತಿಂಗಳ ಸಂಬಳ ಇಪ್ಪತ್ತನೇ ತಾರೀಖಿಗೇ ಮುಗಿಯುತ್ತಿದ್ದ ಕಾಲ. ಆದರೂ ಮೊದಲ ಮಗು, ಓದಿದ ಅಪ್ಪ! ನಾಲ್ಕು ತಿಂಗಳು ತುಂಬುತ್ತಿದ್ದಂತೆ ಬಳ್ಳಾರಿಯಿಂದ ಡಬ್ಬಿ ಆಹಾರ ತಂದೆ. ಕೂಡ್ಲಿಗಿ ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದ ಅವ್ವ, "ಒಂದಿಷ್ಟು ರಾಗಿ ಮೊಳಕೆ ಕಟ್ತೀನಪ್ಪಾ" ಎಂದಾಗ "ಅದೆಲ್ಲ ಹಳೇ ಕಾಲದ್ದು ಬಿಡವ್ವಾ" ಎಂದವನೂ ನಾನೇ. ಡಬ್ಬಿಯ ಬೆಲೆ ನೋಡಿ ಎದೆ ಧಸಕ್ಕೆನ್ನುತ್ತಿತ್ತು. ಅದು ತಿಂಗಳಿಡೀ ಬರಬೇಕಲ್ಲ? ಹಾಗಾಗಿ ಮೂರು ಚಮಚ ಹಾಕಬೇಕಾದಲ್ಲಿ ಒಂದೂವರೆ ಹಾಕಿ ನೀರು ಜಾಸ್ತಿ ಬೆರೆಸುತ್ತಿದ್ದೆವು. ಎಂಟನೇ ತಿಂಗಳಿಗೆ ಡಬ್ಬಿಯೂ ನಿಂತಿತು. ಎಮ್ಮೆಯ ಹಾಲು ಬಾಟಲಿಗೆ ಬಂತು, ಸಂಜೆಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಮಗು ದುಂಡಗೆ ಬೆಳ್ಳಗಿತ್ತು. ನೋಡಿದವರೆಲ್ಲ "ಎಷ್ಟು ಬೆಳ್ಳಗದೆ ಕೂಸು" ಎನ್ನುತ್ತಿದ್ದರು. ನಾವೂ ಹಿಗ್ಗುತ್ತಿದ್ದೆವು.

ಹದಿನಾಲ್ಕನೇ ತಿಂಗಳಲ್ಲಿ ಒಂದು ದಿನ ಅಂಗಳದಲ್ಲಿ ಕೂತಿದ್ದವಳ ತುಟಿ, ಕೈ, ಗಲ್ಲ ಎಲ್ಲ ಕೆಂಪು. ಪೆಟ್ಟಾಗಿ ರಕ್ತ ಬಂತೆಂದು ಓಡಿದರೆ ಅದು ಮಣ್ಣು. ಹೊಡೆದರೂ ಬಿಡಲಿಲ್ಲ, ಬೇವಿನ ಎಲೆ ಅರೆದು ಬೆರಳಿಗೆ ಸವರಿದರೂ ಬಿಡಲಿಲ್ಲ. ಕೊನೆಗೆ ವೈದ್ಯರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಏಳು ಗ್ರಾಂ. ಹನ್ನೊಂದಾದರೂ ಇರಬೇಕಿತ್ತು. "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. "ವಿಜ್ಞಾನದ ಮೇಷ್ಟ್ರು" ಎಂದೆ. ಅವರು ಮುಂದೆ ಏನೂ ಕೇಳಲಿಲ್ಲ; ಆ ಮೌನವನ್ನು ನಾನು ಇವತ್ತಿಗೂ ಮರೆತಿಲ್ಲ.

ಕಬ್ಬಿಣದ ಹನಿ ಔಷಧಿಯನ್ನು ತಿಂಗಳುಗಟ್ಟಲೆ ಕುಡಿಸಿದ ಮೇಲೆ ಮಗಳು ಸುಧಾರಿಸಿದಳು, ಮಣ್ಣು ತಿನ್ನುವುದು ತಾನಾಗಿ ನಿಂತಿತು. ತಪ್ಪು ಎಲ್ಲಾಯಿತೆಂದು ನಿಧಾನಕ್ಕೆ ತಿಳಿಯಿತು. ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಸು ಎಮ್ಮೆಯ ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಂಡ ಮಗುವಿಗೆ ಬೇರೆ ಊಟಕ್ಕೆ ಜಾಗವಿಲ್ಲ; ವರ್ಷದೊಳಗಿನ ಕೂಸಿನ ಕರುಳಿಗೆ ಆ ಹಾಲು ಒಗ್ಗದೆ ಕಣ್ಣಿಗೆ ಕಾಣದಷ್ಟು ರಕ್ತ ಸೋರುವುದೂ ಉಂಟು. ಅದರ ಮೇಲೆ ಚಹಾ! ಅದರಲ್ಲಿರುವ ಟ್ಯಾನಿನ್ ಊಟದಲ್ಲಿದ್ದ ಚೂರುಪಾರು ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇದನ್ನೆಲ್ಲ ನಾನು ಪಾಠ ಮಾಡುತ್ತಿದ್ದೆ ಎಂಬುದೇ ತಮಾಷೆ.

ಆ ಮಗಳೇ ಈಗ ಬಾಣಂತನಕ್ಕೆ ಬಂದು, ಮನೆಯಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡಿಕೊಂಡು ಒಂಬತ್ತು ತಿಂಗಳು ನಮ್ಮಲ್ಲೇ ಉಳಿದಳು. ಮೊಮ್ಮಗಳಿಗೆ ಆರು ತಿಂಗಳು ತುಂಬಿದ ದಿನ ಮನೆಯಲ್ಲಿ ಮೂರು ಪಕ್ಷಗಳಾದವು. ನನ್ನಾಕೆಯದು ಜೇನುತುಪ್ಪ ನೆಕ್ಕಿಸಿ, ಬಜೆ ತೇಯ್ದು ಹಾಕಿ, ಒಳಲೆಯಲ್ಲಿ ತೆಳ್ಳನೆ ಗಂಜಿ ಕುಡಿಸುವ ಪಕ್ಷ. ಮಗಳದು ಬೆಂಗಳೂರಿನ ಗೆಳತಿಯರಂತೆ ಪೊಟ್ಟಣ ತರಿಸುವ ಪಕ್ಷ. ಈ ಸಲ ರಾಗಿಯ ಪಕ್ಷ ನನ್ನದು. ನನ್ನವ್ವ ಇದ್ದಿದ್ದರೆ ನಕ್ಕಿರುತ್ತಿದ್ದಳು.

ಡಬ್ಬಿಯೊಳಗಿನ ಅಜ್ಜಿ

ಆರು ತಿಂಗಳೇ ಏಕೆ? ತಾಯಿಯ ಗರ್ಭದಲ್ಲಿ ಕೊನೆಯ ತಿಂಗಳುಗಳಲ್ಲಿ ಕೂಡಿಟ್ಟುಕೊಂಡ ಕಬ್ಬಿಣದ ಗಂಟು ಹೆಚ್ಚುಕಡಿಮೆ ಆರು ತಿಂಗಳಿಗೆ ಕರಗುತ್ತದೆ. ಎದೆಹಾಲು ಅಮೃತವೇ, ಆದರೆ ಅದರಲ್ಲಿ ಕಬ್ಬಿಣ ಬಹಳ ಕಡಿಮೆ. ಹೊರಗಿನ ಊಟ ಬೇಕಾಗುವುದು ಆಗಲೇ. ಮೊದಲು ನಾಲ್ಕರಿಂದ ಆರು ತಿಂಗಳ ನಡುವೆ ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ, ಆರು ತಿಂಗಳು ತುಂಬುವವರೆಗೂ ಎದೆಹಾಲೊಂದೇ ಸಾಕು ಎಂದು ನಿಗದಿ ಮಾಡಿತು. ಅಷ್ಟರಲ್ಲಿ ಕೂಸು ಕತ್ತು ನಿಲ್ಲಿಸಿ ಆತು ಕೂರುತ್ತದೆ, ಚಮಚವನ್ನು ನಾಲಿಗೆಯಿಂದ ಹೊರಗೆ ತಳ್ಳುವ ಹುಟ್ಟುಗುಣವೂ ಕಳೆದಿರುತ್ತದೆ. ಎದೆಹಾಲು ಮಾತ್ರ ಎರಡು ವರ್ಷದವರೆಗೂ ಜೊತೆಯಲ್ಲೇ ಸಾಗಬೇಕು.

ಡಬ್ಬಿ ಆಹಾರಕ್ಕೂ ಒಂದು ಇತಿಹಾಸವಿದೆ. 1860ರ ದಶಕದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯೂಸ್ಟುಸ್ ಫಾನ್ ಲೀಬಿಗ್ ಗೋಧಿ ಹಿಟ್ಟು, ಹಾಲಿನ ಜೊತೆಗೆ ಮೊಳಕೆ ಬರಿಸಿದ ಬಾರ್ಲಿಯ ಹಿಟ್ಟು ಸೇರಿಸಿ ಶಿಶು ಆಹಾರವೊಂದನ್ನು ರೂಪಿಸಿದ. ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ 1867ರಲ್ಲಿ ತನ್ನದನ್ನು ಮಾರುಕಟ್ಟೆಗೆ ತಂದ. 1873ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಹಾರ್ಲಿಕ್ ಸಹೋದರರು ಶುರುಮಾಡಿದ ಕಂಪನಿ ಮೊದಲು ಮಾರಿದ್ದೂ ಮೊಳಕೆ ಧಾನ್ಯದ ಮಕ್ಕಳ ಆಹಾರವನ್ನೇ. ನಮ್ಮ ಮೈಸೂರೂ ಹಿಂದೆ ಬೀಳಲಿಲ್ಲ. 1950ರಲ್ಲಿ ಆರಂಭವಾದ ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದು ಗುಜರಾತಿನ ಅಮುಲ್‌ಗೆ ಕೊಟ್ಟಿತು. ಮೊಳಕೆ ರಾಗಿಯ ಬಗ್ಗೆಯೂ ಅಲ್ಲಿ ಬಹಳ ಕೆಲಸ ನಡೆದಿದೆ.

ಲೀಬಿಗ್ ಮಹಾಶಯ ಪ್ರಯೋಗಶಾಲೆಯಲ್ಲಿ ಕೂತು ಹುಡುಕಿದ ಮೊಳಕೆಯ ಗುಟ್ಟು ನಮ್ಮ ಅಜ್ಜಿಯರ ಒದ್ದೆ ಬಟ್ಟೆಯ ಗಂಟಿನಲ್ಲಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾಯಿತು ಕಥೆ.

ಡಬ್ಬಿ ಆಹಾರ ವಿಷವೇನಲ್ಲ. ಸರಿಯಾದ ಅಳತೆಯಲ್ಲಿ ಕೊಟ್ಟರೆ ಅದರಲ್ಲಿ ಸೇರಿಸಿದ ಕಬ್ಬಿಣದಿಂದ ಮಗುವಿಗೆ ಉಪಯೋಗವೇ. ನನ್ನಂಥ ಅರೆ ಸಂಬಳದವನು ಅಳತೆ ಕಡಿಮೆ ಮಾಡುತ್ತಾನೆ, ತೊಂದರೆ ಶುರುವಾಗುವುದು ಅಲ್ಲಿ. ಅಂಥ ಡಬ್ಬಿಗಳ ಜಾಹೀರಾತನ್ನು ನಮ್ಮ ಸಂಸತ್ತು 1992ರ ಕಾಯ್ದೆಯಿಂದ ನಿಷೇಧಿಸಿತು, 2003ರಲ್ಲಿ ತಿದ್ದುಪಡಿ ಮಾಡಿ ಇನ್ನಷ್ಟು ಬಿಗಿ ಮಾಡಿತು. ಇನ್ನೊಂದು ತಕರಾರು ಸಿಹಿಯದು. 2024ರ ಏಪ್ರಿಲಿನಲ್ಲಿ ಸ್ವಿಟ್ಜರ್ಲೆಂಡಿನ 'ಪಬ್ಲಿಕ್ ಐ' ಎಂಬ ಸಂಸ್ಥೆ, ನಮ್ಮ ದೇಶದಲ್ಲಿ ಮಾರುವ ಒಂದು ಹೆಸರಾಂತ ಶಿಶು ಆಹಾರದಲ್ಲಿ ಒಂದು ಹೊತ್ತಿನ ಪ್ರಮಾಣಕ್ಕೆ ಸರಾಸರಿ ಮೂರು ಗ್ರಾಮಿನ ಹತ್ತಿರ ಸಕ್ಕರೆ ಬೆರೆಸಿದ್ದನ್ನು ಬಯಲಿಗೆ ತಂದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಮಗಳು ಆ ಸುದ್ದಿಯನ್ನು ಮೊಬೈಲಿನಲ್ಲಿ ಓದಿ, "ಅಪ್ಪಾಜಿ, ನಿಮ್ಮ ರಾಗೀನೇ ಇರಲಿ" ಎಂದಳು. ಅರ್ಧ ಗೆದ್ದೆ.

ಒದ್ದೆ ಬಟ್ಟೆಯ ಗಂಟು

ಮಾಡುವ ವಿಧಾನ ಗೊತ್ತಿದ್ದವರು ಈ ಭಾಗ ಬಿಡಬಹುದು. ಆದರೆ ನಡುವೆ ಒಂದೆರಡು ಸೂಕ್ಷ್ಮಗಳಿವೆ.

ಒಂದು ಸೇರು ರಾಗಿಯನ್ನು ಕಲ್ಲು ಮಣ್ಣು ಹೋಗುವಂತೆ ಗಾಳಿಸಿ, ನಾಲ್ಕೈದು ನೀರಿನಲ್ಲಿ ತೊಳೆದು, ರಾತ್ರಿಯಿಡೀ ನೆನೆಹಾಕಬೇಕು. ನಮ್ಮೂರಲ್ಲಿ ಐದು ನೀರಾದರೂ ಬೇಕೇ ಬೇಕು. ಮೊದಲ ಮೂರು ನೀರು ಕೆಂಪು. ಬೆಳಿಗ್ಗೆ ನೀರು ಬಸಿದು ತೊಳೆದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಆಗಾಗ ನೀರು ಚಿಮುಕಿಸುತ್ತಿದ್ದರೆ ಬೇಸಿಗೆಯಲ್ಲಿ ಒಂದೇ ದಿನಕ್ಕೆ, ಚಳಿಗಾಲದಲ್ಲಿ ಎರಡು ದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ಹುಳಿ ವಾಸನೆ ಬಂದರೆ, ಬೂಷ್ಟು ಕಂಡರೆ, ಜೀನತನ ಮಾಡದೆ ದನಕ್ಕೆ ಹಾಕಿ. ಮೊಳಕೆಯನ್ನು ಬಟ್ಟೆಯ ಮೇಲೆ ಹರವಿ ಗರಿಗರಿಯಾಗುವಂತೆ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಬಾಣಲೆಯಲ್ಲಿ ಘಮ್ಮೆನ್ನುವಷ್ಟು ಮಾತ್ರ ಬೆಚ್ಚಗೆ ಮಾಡಬೇಕು. ಕರ‍್ರಗೆ ಹುರಿದರೆ ಮುಖ್ಯ ಗುಣವೇ ಸತ್ತುಹೋಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ. ಬೇರೆಯಾಗಿ ಹುರಿದ ಹೆಸರುಬೇಳೆಯನ್ನು ಮೂರು ಪಾಲು ರಾಗಿಗೆ ಒಂದು ಪಾಲಿನಂತೆ ಸೇರಿಸಿ ಬೀಸಿಸಿ. ಧಾನ್ಯದಲ್ಲಿ ಕೊರತೆಯಾಗುವ ಲೈಸಿನ್ ಎಂಬ ಅಮೈನೋ ಆಮ್ಲ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆಯಿರುವುದು ಧಾನ್ಯದಲ್ಲಿದೆ. ಗಂಡ ಹೆಂಡಿರ ಹಾಗೆ. ಗಿರಣಿಯವನಿಗೆ ಮುಂಚೆಯೇ ಹೇಳಿಡಬೇಕು. ಖಾರದಪುಡಿ ಬೀಸಿದ ಬೆನ್ನಲ್ಲೇ ಕೂಸಿನ ಹಿಟ್ಟು ಬೀಸಿಕೊಟ್ಟು ಒಂದು ಮನೆಯಲ್ಲಿ ರಾತ್ರಿಯಿಡೀ ರಂಪವಾದದ್ದು ನನಗೆ ಗೊತ್ತು. ನಾವು ಮಿಕ್ಸಿಯಲ್ಲೇ ಪುಡಿ ಮಾಡಿದೆವು.

ಬಟ್ಟೆಯಲ್ಲಿ ಜಾಲಿಸಬೇಕೇ ಎಂಬುದು ವಾದದ ವಿಷಯ. ವಸ್ತ್ರಗಾಳಿತ ಮಾಡಿದರೆ ಹಿಟ್ಟು ನುಣ್ಣಗಾಗುತ್ತದೆ, ಆದರೆ ರಾಗಿಯ ಸುಣ್ಣದ ಅಂಶದ ಬಹುಪಾಲು ಇರುವ ಹೊಟ್ಟು ಹೊರಗೆ ಹೋಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಹತ್ತಿರ ಅಷ್ಟೇ. ಮೊದಲ ತಿಂಗಳು ಜಾಲಿಸಿ, ಆಮೇಲೆ ಸಣ್ಣ ಜರಡಿ ಸಾಕು ಎಂಬುದು ನನ್ನ ತೀರ್ಪು. ಹೊಟ್ಟಿನಲ್ಲಿ ಫೈಟೇಟ್ ಎಂಬ ಕಬ್ಬಿಣದ ಕಳ್ಳನೂ ಇದ್ದಾನೆ, ನಿಜ. ಆದರೆ ನೆನೆಸಿ ಮೊಳಕೆ ಬರಿಸಿದಾಗ ಅವನ ಬಲ ಒಂದಷ್ಟು ಕುಗ್ಗುತ್ತದೆ.

ಈಗ ಆ ಮುಖ್ಯ ಗುಣ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಸಸಿಗೆ ಊಟ ಬೇಕಲ್ಲ, ಹಾಗಾಗಿ ಅದು ಪಿಷ್ಟದ ಉದ್ದುದ್ದ ಸರಪಣಿಯನ್ನು ಕತ್ತರಿಸಿ ಸಕ್ಕರೆಯ ತುಣುಕು ಮಾಡುತ್ತದೆ. ಇದನ್ನು ತರಗತಿಯಲ್ಲೇ ತೋರಿಸಿದೆ. ಎರಡು ಬೀಕರಿನಲ್ಲಿ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಅಕ್ಕಿಹಿಟ್ಟಿನ ಗಂಜಿ. ಬೆಚ್ಚಗಿರುವಾಗ ಒಂದಕ್ಕೆ ಮಾತ್ರ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಬೆರೆಸಿ ಕಲಕಿದೆವು. ಹತ್ತು ನಿಮಿಷವಾಗಿರಲಿಲ್ಲ, ಅದು ಸಾರಿನಂತೆ ಹರಿಯತೊಡಗಿತು! ಅಯೊಡಿನ್ ಹನಿ ಹಾಕಿದರೆ ಮೊದಲ ಗಂಜಿ ಕಡುನೀಲಿ, ಅರ್ಧ ಗಂಟೆ ಬಿಟ್ಟು ನೋಡಿದ ಎರಡನೆಯದು ಕೆನ್ನೇರಳೆ. ಮಣ್ಣಿನ ಪ್ರಶ್ನೆ ಕೇಳಿದ ಹುಡುಗನೇ ಬೀಕರ್ ಓರೆ ಮಾಡಿ ನೋಡಿ "ನೀರು ಹಾಕಿಲ್ಲ ತಾನೇ ಸಾರ್?" ಎಂದ. ಇದೇ ಗುಣವನ್ನು 1980ರ ದಶಕದಲ್ಲಿ ಬರೋಡಾದ ವಿಶ್ವವಿದ್ಯಾಲಯದಲ್ಲಿ ತಾರಾ ಗೋಪಾಲ್‌ದಾಸ್ ಅವರು ಅಭ್ಯಾಸ ಮಾಡಿ, ಬಡ ಮಕ್ಕಳ ಗಂಜಿಗೆ ಚಿಟಿಕೆ ಮೊಳಕೆ ಹಿಟ್ಟು ಬೆರೆಸುವ ಉಪಾಯವನ್ನು ಪ್ರಚಾರಕ್ಕೆ ತಂದರು.

ಇದರಿಂದ ಕೂಸಿಗೇನು ಲಾಭ? ಲೆಕ್ಕ ಹಾಕೋಣ. ಏಳು ಕಿಲೋ ತೂಕದ ಮಗುವಿನ ಹೊಟ್ಟೆ ಹಿಡಿಯುವುದು ಸುಮಾರು 200 ಮಿಲಿಲೀಟರ್, ಒಂದು ದೊಡ್ಡ ಲೋಟ. ಆರರಿಂದ ಎಂಟು ತಿಂಗಳಲ್ಲಿ ಎದೆಹಾಲಿನ ಜೊತೆಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ನೂರು ಮಿಲಿಲೀಟರ್ ನೀರಿಗೆ ಐದು ಗ್ರಾಂ ಹಿಟ್ಟು ಹಾಕಿದ ತೆಳ್ಳನೆ ಅಂಬಲಿಯಲ್ಲಿ ಹದಿನೇಳು ಕ್ಯಾಲೊರಿಯಷ್ಟೇ. 200 ಆಗಬೇಕಾದರೆ ಕೂಸು ಒಂದು ಲೀಟರಿಗೂ ಹೆಚ್ಚು ಕುಡಿಯಬೇಕು! ಹೊಟ್ಟೆ ತುಂಬಿದ ಮಗು ಹಸಿದೇ ಇರುತ್ತದೆ ಎಂದರೆ ಇದೇ. ಸಾದಾ ಹಿಟ್ಟು ಹೆಚ್ಚು ಹಾಕಿದರೆ ಮುದ್ದೆಯಾಗಿ ಗಂಟಲಿಗೆ ಅಂಟುತ್ತದೆ. ಮೊಳಕೆ ಹಿಟ್ಟಾದರೆ ಹದಿನೈದು ಇಪ್ಪತ್ತು ಗ್ರಾಂ ಹಾಕಿದರೂ ಮೆತ್ತಗೆ ಇಳಿಯುತ್ತದೆ. ಮೇಲೊಂದು ಸಣ್ಣ ಚಮಚ ತುಪ್ಪವೋ ಎಣ್ಣೆಯೋ ಬಿದ್ದರೆ ಇನ್ನು ನಲವತ್ತು ಕ್ಯಾಲೊರಿ.

ಬೇಯಿಸುವಾಗ ಹಿಟ್ಟನ್ನು ಕುದಿಯುವ ನೀರಿಗೆ ಸುರಿಯಬೇಡಿ. ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕಲಕುತ್ತ ಬನ್ನಿ. ಒಮ್ಮೆಲೇ ಕುದಿಸಿದರೆ ಅಮೈಲೇಸ್ ಕೆಲಸ ಶುರುಮಾಡುವ ಮೊದಲೇ ನಾಶವಾಗುತ್ತದೆ. ಗಂಟಾಗದಿರಲಿ ಎಂದು ಅವ್ವ ಹಾಗೆ ಮಾಡುತ್ತಿದ್ದಳು. ರಸಾಯನಶಾಸ್ತ್ರವೂ ಅವಳ ಕಡೆಯೇ ಇತ್ತು. ಕೊನೆಗೆ ಚೆನ್ನಾಗಿ ಕುದಿ ಬರಲೇಬೇಕು, ಏಕೆಂದರೆ ಮೊಳಕೆಯಲ್ಲಿ ಸೂಕ್ಷ್ಮಜೀವಿಗಳೂ ಬೆಳೆದಿರುತ್ತವೆ. ಚಮಚ ಓರೆ ಮಾಡಿದರೆ ಸರಿ ಜಾರದೆ ಒಂದು ಕ್ಷಣ ನಿಲ್ಲಬೇಕು. ಉಪ್ಪು, ಸಕ್ಕರೆ, ಬೆಲ್ಲ ಯಾವುದೂ ಬೇಡ. ಒಳಲೆ ನೋಡಲು ಚಂದ, ಆದರೆ ಗಟ್ಟಿ ಊಟ ಅದರಲ್ಲಿ ಇಳಿಯದು. ಬಟ್ಟಲು ಚಮಚವೇ ಸೈ. ಬಾಟಲಿಯಂತೂ ಬೇಡವೇ ಬೇಡ.

ಮುಖ ಸಿಂಡರಿಸಿದರೆ

ಮೊದಲ ದಿನ ಮೊಮ್ಮಗಳು ಎರಡು ಚಮಚ ರಾಗಿ ಸರಿ ನುಂಗಿ, ಮೂರನೆಯದನ್ನು ನನ್ನ ಕನ್ನಡಕಕ್ಕೆ ಉಗಿದಳು. ನಾಲ್ಕನೇ ದಿನಕ್ಕೆ ಬಟ್ಟಲು ಕಂಡರೆ ಕೈಕಾಲು ಬಡಿಯುತ್ತಿದ್ದಳು. ರಾಗಿಯ ಸಮಸ್ಯೆ ಮುಗಿಯಿತು. ನಿಜವಾದ ಯುದ್ಧ ಶುರುವಾದದ್ದು ಸೊಪ್ಪಿನಿಂದ.

ರಾಗಿಯಲ್ಲಿ ಕಬ್ಬಿಣ ನೂರು ಗ್ರಾಮಿಗೆ ನಾಲ್ಕು ಮಿಲಿಗ್ರಾಂ ಚಿಲ್ಲರೆ, ಅದರಲ್ಲೂ ದೇಹಕ್ಕೆ ದಕ್ಕುವುದು ಅಲ್ಪ. ಹಾಗಾಗಿ ಜೊತೆಗೆ ಬೇಳೆ, ಸೊಪ್ಪು, ಸಜ್ಜೆ ಬೇಕು. ದಕ್ಕುವುದನ್ನು ಹೆಚ್ಚಿಸಲು ಸಿ ಜೀವಸತ್ವವಿರುವ ನಿಂಬೆ, ಟೊಮೆಟೊ, ಸೀಬೆ, ನೆಲ್ಲಿ ಬೇಕು. ತಿನ್ನುವ ಮನೆಗಳಲ್ಲಿ ಮೊಟ್ಟೆ, ಮೀನು, ನುಣ್ಣಗೆ ಬೇಯಿಸಿದ ಈಲಿ ಬಲು ಒಳ್ಳೆಯದು. ಮಾಂಸದ ಕಬ್ಬಿಣ ಸೊಪ್ಪಿನದಕ್ಕಿಂತ ಸಲೀಸಾಗಿ ರಕ್ತ ಸೇರುತ್ತದೆ. ನಮ್ಮದು ಮೊಟ್ಟೆಯವರೆಗೆ ಬಂದು ನಿಂತ ಮನೆ.

ಆದರೆ ಕೂಸಿನ ನಾಲಿಗೆ ಹುಟ್ಟಿನಿಂದಲೇ ಸಿಹಿಯ ಕಡೆ. ಕಹಿ ಎಂದರೆ ಕಾಡಿನಲ್ಲಿ ವಿಷ ಎಂದು ಮನುಷ್ಯ ಕುಲ ಕಲಿತ ಹಳೆಯ ಪಾಠ ಅದು. ಉಪ್ಪಿನ ರುಚಿ ಹತ್ತುವುದು ಸುಮಾರು ನಾಲ್ಕು ತಿಂಗಳ ಮೇಲೆ. ಆದರೂ ರುಚಿಯ ಶಿಕ್ಷಣ ಗರ್ಭದಲ್ಲೇ ಶುರುವಾಗಿರುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದಲ್ಲಿ ಜೂಲಿ ಮೆನ್ನೆಲ್ಲಾ ಮತ್ತು ಗ್ಯಾರಿ ಬೋಷಾಂ 1991ರಲ್ಲಿ, ತಾಯಿ ಬೆಳ್ಳುಳ್ಳಿ ತಿಂದ ಒಂದೆರಡು ಗಂಟೆಯಲ್ಲಿ ಅದರ ವಾಸನೆ ಎದೆಹಾಲಿಗೆ ಇಳಿಯುವುದನ್ನು ತೋರಿಸಿಕೊಟ್ಟರು. 2001ರಲ್ಲಿ ಪ್ರಕಟವಾದ ಅವರ ತಂಡದ ಇನ್ನೊಂದು ಪ್ರಯೋಗದಲ್ಲಿ, ಬಸುರಿಯಲ್ಲೋ ಬಾಣಂತನದಲ್ಲೋ ಗಜ್ಜರಿಯ ರಸ ಕುಡಿದಿದ್ದ ತಾಯಂದಿರ ಮಕ್ಕಳು ಗಜ್ಜರಿ ಬೆರೆತ ಊಟಕ್ಕೆ ಉಳಿದ ಮಕ್ಕಳಷ್ಟು ಮುಖ ಸಿಂಡರಿಸಲಿಲ್ಲ. ನಮ್ಮ ಬಾಣಂತಿಯರಿಗೆ ಬೆಳ್ಳುಳ್ಳಿ, ಸಬ್ಬಸಿಗೆ, ಮೆಂತ್ಯ ತಿನ್ನಿಸುತ್ತಿದ್ದ ಅಜ್ಜಿಯರು ಹಾಲು ಹೆಚ್ಚಲಿ ಎಂದು ಮಾಡುತ್ತಿದ್ದರೇನೋ. ಕೂಸಿಗೆ ಮನೆಯ ಅಡಿಗೆಯ ಪರಿಚಯವೂ ಆಗುತ್ತಿತ್ತು.

ಹಾಗಾದರೆ ಕೂಸು ಉಗಿದರೆ 'ಇದು ಇವಳಿಗೆ ಸೇರಲ್ಲ' ಎಂದು ಷರಾ ಬರೆಯಬೇಕೇ? ಇಲ್ಲಿಯೇ ಬಹಳ ಮನೆಗಳು ಎಡವುವುದು. ಎರಡು ಸಲ ಉಗಿದರೆ ಮೂರನೇ ಸಲಕ್ಕೆ ಬಾಳೆಹಣ್ಣು, ಬಿಸ್ಕತ್ತು. ಶಿಶುಗಳ ಊಟವನ್ನು ಅಭ್ಯಾಸ ಮಾಡಿದವರು ಮತ್ತೆ ಮತ್ತೆ ಕಂಡದ್ದೇನೆಂದರೆ, ಹೊಸ ರುಚಿ ಒಗ್ಗಲು ಎಂಟು ಹತ್ತು ಸಲವಾದರೂ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ತೋರಿಸಬೇಕು. ಮುಖ ಸಿಂಡರಿಸಿದರೂ ಬಾಯಿ ತೆರೆದರೆ ಅದು ಒಪ್ಪಿಗೆಯೇ. ತೆರೆಯದಿದ್ದರೆ ಬಲವಂತ ಕೂಡದು. ಕಾಲ ಮೇಲೆ ಮಲಗಿಸಿ ಮೂಗು ಹಿಡಿದು ಸುರಿಯುವ ಪದ್ಧತಿ ನಮ್ಮ ಕಡೆ ಇನ್ನೂ ಅಲ್ಲಲ್ಲಿ ಇದೆ; ಅದರಿಂದ ಊಟ ಶ್ವಾಸಕ್ಕೆ ಇಳಿಯುವ ಅಪಾಯವೂ ಇದೆ.

ನಾನೊಂದು ಪ್ರಯೋಗದ ಪುಸ್ತಕ ಮಾಡಿದೆ. ದಿನಾಂಕ, ಪದಾರ್ಥ, ಎಷ್ಟನೇ ಸಲ, ಎಷ್ಟು ಚಮಚ, ಮುಖಭಾವ ಎಂದು ಐದು ಕಾಲಂ. ನನ್ನಾಕೆ "ಮೊಮ್ಮಗಳನ್ನೂ ಲ್ಯಾಬಿಗೆ ಸೇರಿಸಿದ್ರಾ?" ಎಂದು ನಕ್ಕಳು. ಕುಂಬಳಕಾಯಿ ಎರಡೇ ಸಲಕ್ಕೆ ಪಾಸು. ನುಗ್ಗೆಸೊಪ್ಪು ಬೇಳೆಯೊಂದಿಗೆ ಐದನೇ ಸಲ. ಮೆಂತ್ಯಸೊಪ್ಪಿನ ಸಾಲು ಓದಲು ಮಜವಾಗಿದೆ: ಒಂದು, ಉಗಿದಳು, ಎರಡು, ಉಗಿದಳು, ಮೂರು, ಅತ್ತಳು, ನಾಲ್ಕು, ನಾಲಿಗೆ ಹೊರಗಿಟ್ಟುಕೊಂಡು ಯೋಚಿಸಿದಳು, ಐದು, ಅರ್ಧ ಚಮಚ, ಆರು, ಉಗಿದಳು. ಆ ದಿನ ಮಗಳು "ಸಾಕು ಅಪ್ಪಾಜಿ, ಪಾಪ" ಎಂದು ಬಟ್ಟಲು ಕಿತ್ತುಕೊಂಡಳು. ನಾಲ್ಕು ದಿನ ಬಿಟ್ಟು ಮತ್ತೆ ಶುರು. ಒಂಬತ್ತನೇ ಸಲ ಮೂರು ಚಮಚ. ಮುಖಭಾವದ ಕಾಲಮ್ಮಿನಲ್ಲಿ 'ಗಂಭೀರ' ಎಂದಿದೆ. ಹನ್ನೊಂದನೇ ಸಲ ಬಟ್ಟಲು ಖಾಲಿ.

ಬಲವಂತವಿಲ್ಲದೆ ಬಿಟ್ಟರೆ ಕೂಸು ಏನು ತಿಂದೀತು ಎಂಬುದನ್ನು ಒಬ್ಬ ವೈದ್ಯೆ ಪ್ರಯೋಗ ಮಾಡಿ ನೋಡಿದ್ದಳು. ಅಮೆರಿಕದ ಕ್ಲಾರಾ ಡೇವಿಸ್ 1920-30ರ ದಶಕಗಳಲ್ಲಿ ಹದಿನೈದು ಶಿಶುಗಳ ಮುಂದೆ ಮೂವತ್ತಕ್ಕೂ ಹೆಚ್ಚು ಬಗೆಯ ಸಾದಾ ಪದಾರ್ಥಗಳಿಂದ ಆರಿಸಿದ ತಟ್ಟೆಗಳನ್ನಿಟ್ಟು, ಅವು ಕೈ ಚಾಚಿದ್ದನ್ನು ಮಾತ್ರ ತಿನ್ನಿಸುವಂತೆ ದಾದಿಯರಿಗೆ ಹೇಳಿದಳು. ಒಂದು ಮಗು ಒಂದು ದಿನ ಮೊಟ್ಟೆಯನ್ನೇ ತಿಂದಿತು, ಇನ್ನೊಂದು ದಿನ ಹಣ್ಣನ್ನೇ. ಅಡ್ಡಾದಿಡ್ಡಿ ಊಟ! ಆದರೂ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದವು. ಇದನ್ನು ಕೇಳಿ "ಮಕ್ಕಳು ಕೇಳಿದ್ದು ಕೊಡಿ" ಎಂದುಕೊಂಡರೆ ತಪ್ಪಾದೀತು. ಆ ತಟ್ಟೆಗಳಲ್ಲಿ ಸಕ್ಕರೆ, ಬಿಸ್ಕತ್ತು ಇರಲೇ ಇಲ್ಲ ಎಂದು ಆಕೆಯೇ ಹೇಳಿದ್ದಾಳೆ. ತಟ್ಟೆಯಲ್ಲೇನಿರಬೇಕು ಎಂಬುದು ದೊಡ್ಡವರ ಹೊಣೆ, ಎಷ್ಟು ತಿನ್ನಬೇಕು ಎಂಬುದು ಕೂಸಿನ ಹಕ್ಕು.

ಓಣಿಯ ರುಚಿಗಳು

ನಮ್ಮ ಟೌನ್‌ಶಿಪ್ಪಿನ ಒಂದು ಸುಖ ಇದು: ಗಣಿಯ ಕೆಲಸಕ್ಕೆ ನಾಲ್ಕಾರು ರಾಜ್ಯದವರು ಬಂದಿದ್ದಾರೆ, ಒಂದೊಂದು ಮನೆಗೂ ಒಂದೊಂದು ಕೂಸಿನ ಊಟ. ಪಕ್ಕದ ತೆಲುಗಿನ ಅಕ್ಕ ಅಕ್ಕಿ, ಹೆಸರುಬೇಳೆ ಹುರಿದು ತರಿಯಾಗಿ ಒಡೆದು ಮಾಡುವ 'ಉಗ್ಗು' ತಂದುಕೊಟ್ಟಳು. ಹಿಂದಿನ ಸಾಲಿನ ಕೇರಳದವರು ನೇಂದ್ರ ಬಾಳೆಯ ಒಣಪುಡಿಯ 'ಕುರುಕ್ಕು'. ತಮಿಳು ಮನೆಯಿಂದ ಹತ್ತಾರು ಕಾಳಿನ 'ಸತ್ತುಮಾವು'. ಅದನ್ನು ಮಾತ್ರ ತಡೆದೆ. ಹತ್ತು ಕಾಳು ಒಟ್ಟಿಗೆ ಕೊಟ್ಟು ಮೈಮೇಲೆ ಗಂಧೆ ಎದ್ದರೆ ಯಾವುದರಿಂದ ಎಂದು ತಿಳಿಯುವುದು ಹೇಗೆ? ಹೊಸದನ್ನು ಒಂದೊಂದಾಗಿ, ಎರಡು ಮೂರು ದಿನ ನೋಡಿ ಕೊಟ್ಟೆವು. ಶೇಂಗಾ ವಿಷಯದಲ್ಲಿ ನನಗೂ ಅಂಜಿಕೆಯಿತ್ತು. ಆದರೆ ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ, ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೂ ವರ್ಷದೊಳಗೇ ಶೇಂಗಾ ರುಚಿ ಹತ್ತಿಸಿದರೆ ಅಲರ್ಜಿ ಬಹಳ ಕಡಿಮೆಯಾಗುತ್ತದೆ ಎಂದು ತೋರಿಸಿದೆ. ಮೈಮೇಲೆ ತೀವ್ರ ಇಸುಬು ಇರುವ ಮಕ್ಕಳಿಗಾದರೆ ವೈದ್ಯರನ್ನು ಕೇಳಿಯೇ ಕೊಡಬೇಕು. ನುಣ್ಣಗೆ ಅರೆದು ಸರಿಗೆ ಬೆರೆಸಿದೆವು. ಇಡೀ ಶೇಂಗಾ ಕಾಳು ಮಾತ್ರ ಐದು ವರ್ಷದವರೆಗೆ ಕೈಗೆ ಸಿಗಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಜೇನುತುಪ್ಪದ ವಿಷಯದಲ್ಲಿ ನಮ್ಮಾಕೆಯೊಂದಿಗೆ ಎರಡು ದಿನ ಮಾತು ಬಿಟ್ಟದ್ದೂ ಆಯಿತು. ವರ್ಷದೊಳಗಿನ ಮಗುವಿಗೆ ಜೇನು ಕೂಡದು. ಅದರಲ್ಲಿರಬಹುದಾದ ಬಾಟುಲಿನಂ ಬೀಜಕಣ ಕೂಸಿನ ಕರುಳಲ್ಲಿ ಮೊಳೆತು ಮೈಯನ್ನೇ ಜೋಲು ಬೀಳಿಸುವ ವಿಷ ಮಾಡುತ್ತದೆ. "ನಾವೆಲ್ಲ ನೆಕ್ಕಿಲ್ವೇನ್ರಿ?" ಎಂದಳು. ಅದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ಆದರೂ ಬಾಟಲಿಯನ್ನು ಅಟ್ಟದ ಮೇಲಿಟ್ಟೆ. ಮೂರನೇ ದಿನ ಅವಳೇ ತಟ್ಟೆಯ ಅಂಚಿನ ಬೇಳೆಕಟ್ಟಿನಲ್ಲಿ ಬೆರಳದ್ದಿ ಮೊಮ್ಮಗಳಿಗೆ ನೆಕ್ಕಿಸಿದಳು. ಒಗ್ಗರಣೆ, ಉಪ್ಪು, ಖಾರ ಬೀಳುವ ಮುಂಚೆ ತೆಗೆದಿಟ್ಟ ಕಟ್ಟು. ಹೀಗೆ ರಾಜಿಯಾಯಿತು. ಅದಕ್ಕಿಂತ ಒಳ್ಳೆಯ ರುಚಿಯ ಪಾಠ ಇನ್ನೊಂದಿಲ್ಲ. ದೊಡ್ಡವರು ಚಪ್ಪರಿಸುವುದನ್ನು ನೋಡಿದ ಕೂಸು ತಾನೂ ಬಾಯಿ ಚಪ್ಪರಿಸುತ್ತದೆ.

ಊಟವೊಂದರಿಂದಲೇ ಎಲ್ಲ ಆದೀತೆಂದು ನಾನು ಹೇಳಲಾರೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಆರು ತಿಂಗಳು ತುಂಬಿದ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ್ ಕಬ್ಬಿಣದ ಸಿರಪ್ ಕೊಡಬೇಕೆಂದಿದೆ. ಹಲ್ಲು ಕರ‍್ರಗಾಗುತ್ತದೆ, ಮಲ ಕರ‍್ರಗಾಗುತ್ತದೆ ಎಂದು ಎಷ್ಟೋ ತಾಯಂದಿರು ಆ ಬಾಟಲಿಯನ್ನು ಮೂಲೆಗಿಡುತ್ತಾರೆ. ಬಣ್ಣದಿಂದ ಅಪಾಯವಿಲ್ಲ. ಆದರೆ ಬಾಟಲಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು, ಮಿತಿ ಮೀರಿದರೆ ಕಬ್ಬಿಣವೂ ವಿಷ. ಮೊಮ್ಮಗಳಿಗೆ ಎಂಟನೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಸೂಜಿ ಚುಚ್ಚುವಾಗ ಅವಳಿಗಿಂತ ಹೆಚ್ಚು ನನ್ನ ಕೈ ನಡುಗುತ್ತಿತ್ತು. ಹನ್ನೊಂದು ಪಾಯಿಂಟ್ ಎರಡು. ಚೀಟಿಯನ್ನು ಮಗಳ ಕೈಗೆ ಕೊಟ್ಟೆ. ಅವಳಿಗೆ ತನ್ನ ಏಳು ಗ್ರಾಮಿನ ಕಥೆ ಗೊತ್ತಿದ್ದದ್ದು ಆಗಲೇ. ಏನೂ ಹೇಳದೆ ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಮೊಮ್ಮಗಳು ಬೆಂಗಳೂರಿಗೆ ಹೋಗಿ ಈಗ ಒಂದೂವರೆ ತಿಂಗಳು. ಹೊರಡುವ ದಿನ ಎರಡು ಕಿಲೋ ಹಿಟ್ಟು ತುಂಬಿಸಿ ಕಳಿಸಲು ಗಾಳಿಯಾಡದ ಡಬ್ಬಿ ಹುಡುಕುತ್ತಿದ್ದಾಗ ನಮ್ಮಾಕೆ ಅಟ್ಟದಿಂದ ಹಳೆಯದೊಂದು ತಗಡಿನ ಡಬ್ಬಿ ಇಳಿಸಿದಳು. 1997ರಲ್ಲಿ ಬಳ್ಳಾರಿಯಿಂದ ನಾನು ತಂದದ್ದೇ ಅದು. ಚಿತ್ರ ಅಳಿಸಿಹೋಗಿದೆ, ಮುಚ್ಚಳ ಮಾತ್ರ ಗಟ್ಟಿ. ತೊಳೆದು ಒಣಗಿಸಿ ಅದರಲ್ಲೇ ತುಂಬಿದೆವು.

ನಿನ್ನೆ ರಾತ್ರಿ ಮಗಳ ಫೋನು. "ಅಪ್ಪಾಜಿ, ಹಾಗಲಕಾಯಿ ಒಂಚೂರು ಬೇಳೆಯಲ್ಲಿ ಹಾಕಿದ್ದೆ, ಪೂರ್ತಿ ಉಗಿದಳು."

"ಎಷ್ಟನೇ ಸಲ?"

"ಮೂರು."

ಪುಸ್ತಕ ತೆಗೆದು ಬರೆದುಕೊಂಡೆ.